ಪಸ್ಕದ ಸಂಜೆ ಹಿರಿಯರ ಕಿಸೆಯಲ್ಲಿದ್ದ ಚಾವಿ

ಸಂಜೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಸಮುವೇಲಪ್ಪನವರು ಗೋದಾಮಿನ ಶಟರನ್ನು ನೆಲದ ತನಕ ಎಳೆದು, ಒಳಗಿನಿಂದಲೇ ಕೀಲಿ ಜಡಿದು, ಚಾವಿಯನ್ನು ಬಿಳಿ ಅಂಗಿಯ ಕಿಸೆಗೆ ಇಳಿಬಿಟ್ಟರು. ಗಂಟೆ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಕಾರವಾರದಲ್ಲಿ ಕೆಲಸದಲ್ಲಿರುವ ಗಂಡನಿಗೆ ನಾನು ಆಗಷ್ಟೇ "ಹಬ್ಬದ ಊಟ ಶುರುವಾಯಿತು, ಇನ್ನು ಫೋನ್ ಬಂದ್" ಎಂದು ಸಂದೇಶ ಕಳಿಸಿದ್ದೆ. ಆ ಸಂದೇಶದ ಕೆಳಗೆ ಮೂಡಿದ ಗಂಟೆಯನ್ನು ಆಮೇಲೆ ಎಷ್ಟು ಸಲ ತೆಗೆದು ನೋಡಿದ್ದೇನೋ ನನಗೇ ತಿಳಿಯದು.

ಹೊರಗೆ ಬೇಸಿಗೆಯ ಅಡ್ಡಮಳೆ ಬಡಿಯುತ್ತಿತ್ತು. ಕರೆಂಟು ಹೋಗಿತ್ತು. ಬಾಗಿಲಿನ ಚೌಕಟ್ಟಿಗೆ ಮೂರು ಕಡೆ ಕೆಂಪು ಬಣ್ಣ ಬಳಿದಿದ್ದರು. ಒಳಗೆ ಮೇಣದ ಬತ್ತಿಗಳ ಬೆಳಕಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ, ಸೊಂಟಕ್ಕೆ ಪಂಚೆ ಬಿಗಿದು, ಈಗಲೋ ಆಗಲೋ ಪ್ರಯಾಣ ಹೊರಡುವವರಂತೆ ಊಟಕ್ಕೆ ಕುಳಿತಿದ್ದರು. ನಡುವೆ ಎರಡು ಶೆಗಡಿಗಳು. ಶೆಗಡಿ ಎಂದರೆ ಇದ್ದಲಿ ಉರಿಸುವ ಕಬ್ಬಿಣದ ಒಲೆ. ಅದರ ಮೇಲೆ ಸುಟ್ಟ ಕುರಿಮರಿಯ ಮಾಂಸ. ಹತ್ತು ವರ್ಷದ ನನ್ನ ಮಗಳು ನಿಶಾ ನನ್ನ ಕಿವಿಯಲ್ಲಿ, "ಅಮ್ಮಾ, ನಾವು ಎಲ್ಲಿಗೆ ಹೋಗುವುದು?" ಎಂದಳು.

ಕರಾವಳಿಯ ಊರಿನಲ್ಲಿ ಕುಳಿತು ಓದುವ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಾನೂ ನಿಮ್ಮ ಹಾಗೆಯೇ ಮೂಲ್ಕಿ ಕಡೆಯ ಹಳೆಯ ಸಭೆಯೊಂದರಲ್ಲಿ ದೀಕ್ಷಾಸ್ನಾನವಾದವಳು. ನಮಗೆ ಹಬ್ಬವೆಂದರೆ ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್. ಬೆಳೆ ಹಬ್ಬದ ದಿನ ಹರಿವೆ ದಂಟಿಗೂ ಹಲಸಿನಕಾಯಿಗೂ ಏಲಂ ಕೂಗುವುದು. ಪಸ್ಕ ಎಂಬುದು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದು ಕಥೆ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿದ್ದ ಇಸ್ರಾಯೇಲರು ಬಿಡುಗಡೆಯ ರಾತ್ರಿ ಕುರಿಮರಿಯ ರಕ್ತವನ್ನು ಬಾಗಿಲಿಗೆ ಹಚ್ಚಿ, ಹೊರಡಲು ಸಿದ್ಧರಾಗಿ ಒಳಗೆ ಊಟಕ್ಕೆ ಕುಳಿತಿದ್ದರು, ಸಂಹಾರದ ದೂತ ಆ ಮನೆಗಳನ್ನು ದಾಟಿಹೋದ, ಅಷ್ಟೇ. ಅದನ್ನು ಇಂದಿಗೂ ಆಚರಿಸುವ ಕ್ರೈಸ್ತರು ಇದ್ದಾರೆಂದು ನನಗೆ ಹುಬ್ಬಳ್ಳಿಗೆ ಬರುವ ತನಕ ಗೊತ್ತಿರಲಿಲ್ಲ.

ನಾವು ಇಲ್ಲಿಗೆ ಬಂದದ್ದು ನನ್ನ ಶಾಲೆಯ ಕೆಲಸಕ್ಕಾಗಿ. ಮನೆ ಹುಡುಕಿದ್ದು ದೊಡ್ಡ ಪಾಡು. ದೇಶಪಾಂಡೆ ನಗರದಲ್ಲಿ ಹೆಸರು ಕೇಳುವ ತನಕ ಚಹಾ ಕೊಟ್ಟರು, ಹೆಸರು ಕೇಳಿದ ಮೇಲೆ "ಮನಿ ಆಗಲೇ ಕೊಟ್ಟೇವಿ" ಎಂದರು. ಕೊನೆಗೆ ಕೇಶ್ವಾಪುರದಲ್ಲಿ ಕಾಳುಕಡಿ ವ್ಯಾಪಾರಸ್ಥರ ಮನೆಯ ಮಹಡಿ ಸಿಕ್ಕಿತು. ಮನೆಯೊಡತಿ ಗಂಗಮ್ಮನವರು ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸು. ಸುತ್ತಿ ಬಳಸಿ ಮಾತನಾಡಲಿಲ್ಲ.

"ಖರೇ ಹೇಳ್ರಿ, ಅಡಗ ತಿಂತೀರಿ?"

ಅಡುಗೆಯನ್ನು ತಿನ್ನದೆ ಇರುವುದು ಹೇಗೆ ಎಂದು ನಾನು ತಬ್ಬಿಬ್ಬಾದೆ. ಇಲ್ಲಿ ಮಾಂಸಕ್ಕೆ 'ಅಡಗು' ಎನ್ನುತ್ತಾರೆಂದು ಅವರ ಮಗ ತಿಳಿಸಿಕೊಟ್ಟ. ತಿನ್ನುತ್ತೇವೆ ಎಂದೆ.

"ತಿನ್ರಿ, ಹೊರಗ ತಿಂದು ಬರ್ರಿ. ಮನ್ಯಾಗ ಬ್ಯಾಡ. ಸುಳ್ಳ ಹೇಳಿದ್ರ ಮನೀನ ಕೊಡ್ತಿದ್ದಿಲ್ಲ ನಾ."

ಆ ಒಪ್ಪಂದ ಇಂದಿಗೂ ಇದೆ. ಮೀನಿಲ್ಲದ ಮೊದಲ ತಿಂಗಳಲ್ಲಿ ನಾನು ಅತ್ತದ್ದುಂಟು. ಇಲ್ಲಿ ನನ್ನ ಮಾತು ಕೇಳಿದವರೆಲ್ಲ ನಗುತ್ತಿದ್ದರು. "ಅಕ್ಕೋರ, ನೀವು ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡ್ತೀರಲ್ರಿ!" ಇಲ್ಲಿ ಶಿಕ್ಷಕಿಗೆ 'ಅಕ್ಕೋರು' ಎನ್ನುವುದು ವಾಡಿಕೆ. ನಿಶಾಳಿಗೆ ಮಾತ್ರ ಮೂರೇ ತಿಂಗಳಲ್ಲಿ 'ಛಲೋ', 'ಲಗೂ' ಎಲ್ಲ ನಾಲಿಗೆಗೆ ಬಂದವು. ಮನೆಯಲ್ಲಿ ನನ್ನ ಹತ್ತಿರ ತುಳು, ಮೆಟ್ಟಿಲಿಳಿದರೆ ಗಂಗಮ್ಮನವರ ಹತ್ತಿರ "ಅಜ್ಜಿ, ಏನ್ ಮಾಡಾಕತ್ತೀರಿ?"

ನನ್ನ ಒಂಟಿತನಕ್ಕೆ ಕೈಕೊಟ್ಟವಳು ಸುಶೀಲಕ್ಕ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಕೆಲಸ, ತವರು ಹೆಬ್ಬಳ್ಳಿ, ಮೂರು ತಲೆಮಾರಿನಿಂದ ಕ್ರೈಸ್ತರು. ದೊಡ್ಡ ಚರ್ಚುಗಳಲ್ಲಿ ನನ್ನನ್ನು ಯಾರೂ ಎರಡನೆಯ ಸಲ ತಿರುಗಿ ನೋಡದಿದ್ದಾಗ ಅವಳು ತನ್ನ ಸಹವಾಸಕೂಟಕ್ಕೆ ಕರೆದೊಯ್ದಳು. ಅವರು ಕೂಡುವುದು ಶನಿವಾರ, ಹಿಂದೆ ಅರಳೆ ತುಂಬುತ್ತಿದ್ದ ಒಂದು ಗೋದಾಮಿನಲ್ಲಿ. ಕ್ರಿಸ್ಮಸ್ ಆಚರಿಸುವುದಿಲ್ಲ. ಯೇಸು ಆಚರಿಸಿದ ಹಬ್ಬಗಳನ್ನೇ ಆಚರಿಸುತ್ತೇವೆ ಎನ್ನುತ್ತಾರೆ: ವಸಂತದಲ್ಲಿ ಪಸ್ಕ ಮತ್ತು ಹುಳಿಯಿಲ್ಲದ ರೊಟ್ಟಿಯ ಹಬ್ಬ, ಆಮೇಲೆ ವಾರಗಳ ಹಬ್ಬ, ಮಳೆಗಾಲ ಮುಗಿದ ಮೇಲೆ ಪರ್ಣಶಾಲೆಗಳ ಹಬ್ಬ. ಕೂಟದ ಹಿರಿಯರು ಸಮುವೇಲಪ್ಪನವರು, ರೈಲ್ವೆಯಿಂದ ನಿವೃತ್ತರಾದವರು. ಸಮಯಕ್ಕೆ ಸರಿಯಾಗಿ ಬರುವವರು, ಒಳ್ಳೆಯ ಕಂಠದವರು. ಎಲ್ಲರೂ ಅವರನ್ನು 'ಅಣ್ಣಾರು' ಎನ್ನುತ್ತಿದ್ದರು.

ನನಗೆ ಆ ಹಬ್ಬಗಳು ಹಿಡಿಸಿದವು. ಇದನ್ನು ಈಗಲೂ ಮುಚ್ಚಿಡುವುದಿಲ್ಲ. ಪಸ್ಕಕ್ಕೆ ಮುಂಚೆ ಮನೆಯಿಂದ ಹುಳಿ ಬರುವ ಪದಾರ್ಥವನ್ನೆಲ್ಲ ಹೊರಗೆ ಹಾಕಬೇಕು, ಹುಳಿ ಎಂದರೆ ಪಾಪದ ಗುರುತಂತೆ. ಇಲ್ಲಿಯವರಿಗೆ ಏನು ಕಷ್ಟ? ವರ್ಷವಿಡೀ ತಿನ್ನುವ ಜೋಳದ ರೊಟ್ಟಿಯಲ್ಲಿ ಹುಳಿಯೇ ಇಲ್ಲ. ಕಷ್ಟವೆಲ್ಲ ನಮ್ಮಂಥ ದೋಸೆಯ ಜನಕ್ಕೆ. ನಾನು ರುಬ್ಬಿಟ್ಟ ಹಿಟ್ಟನ್ನು ಚೆಲ್ಲುವುದನ್ನು ಸುಶೀಲಕ್ಕ ನಿಂತು ನೋಡಿದಳು.

"ಒಂದ ರಾತ್ರ್ಯಾಗ ಇಷ್ಟ ಉಬ್ಬತೈತಲ್ರಿ ಇದು! ನಿಮ್ಮ ಕಡೆ ಮಂದಿಗೆ ಪಾಪಾನೂ ಹಿಂಗ ಲಗೂ ಏರತೈತೇನ್ರಿ ಅಕ್ಕೋರ?"

"ಏರಿದರೆ ಬೆಳಿಗ್ಗೆ ದೋಸೆ ಮಾಡಿ ಮುಗಿಸುತ್ತೇವೆ" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಪಸ್ಕದ ಊಟಕ್ಕೆ ಬೇಕಾದ ಕಹಿ ಪಲ್ಯದ ಜಾಗಕ್ಕೆ ಇಲ್ಲಿ ಹಸಿ ಮೆಂತ್ಯೆ ಸೊಪ್ಪು ಮತ್ತು ಹಕ್ಕರಕಿ. ಹಕ್ಕರಕಿ ಎಂದರೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ, ತುಸು ಕಹಿಯಿರುವ ಎಲೆ. ದಾಸ್ಯದ ಕಹಿ ನೆನಪಿಗೆ ತಿನ್ನುವುದಂತೆ. ಊರು ಬಿಟ್ಟು ಬಂದವಳಿಗೆ ಆ ಎಲೆಯನ್ನು ಅಗಿಯುವಾಗ ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಹಬ್ಬದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಕೀಲಿಯ ಮೇಲೆ.

ಕುರಿಮರಿಯನ್ನು ಬೇಯಿಸಬಾರದು, ಬೆಂಕಿಯಲ್ಲೇ ಸುಡಬೇಕು ಎಂದು ಶಾಸ್ತ್ರ. ಅದಕ್ಕೆ ಅಂಗಳದಲ್ಲಿ ಶೆಗಡಿ ಇಟ್ಟಿದ್ದರು. ಅರ್ಧ ಸುಡುವಷ್ಟರಲ್ಲಿ ಗಾಳಿ ಎದ್ದು ಮಳೆ ಬಂತು. ಸುಶೀಲಕ್ಕ, ಇನ್ನಿಬ್ಬರು ಹೆಂಗಸರು ಹಸಿ ಗೋಣಿಚೀಲದಲ್ಲಿ ಹಿಡಿದು ಶೆಗಡಿಗಳನ್ನು ಒಳಗೆ ತಂದರು. ಮಳೆಯ ಇರಚಲು ಬರುತ್ತದೆಂದು ಮೇಲಿನ ಗವಾಕ್ಷಿಗಳಿಗೆ ರಟ್ಟು ತುರುಕಿದರು. ಆ ರಾತ್ರಿ ಯಾರೂ ಬಾಗಿಲು ದಾಟಿ ಹೊರಗೆ ಹೋಗಕೂಡದು ಎಂಬ ಮಾತೂ ಶಾಸ್ತ್ರದಲ್ಲಿದೆ. ಸಮುವೇಲಪ್ಪನವರು ಅದನ್ನು ಊಟ ಮುಗಿಯುವ ತನಕ ಪಾಲಿಸುತ್ತಿದ್ದರು, ಶಟರಿಗೆ ಕೀಲಿ ಹಾಕಿ. ಹಿಂದಿನ ವರ್ಷಗಳಲ್ಲೂ ಹಾಗೇ ಮಾಡಿದ್ದರಂತೆ. ಆಗ ಫ್ಯಾನು ತಿರುಗುತ್ತಿತ್ತು, ಗವಾಕ್ಷಿ ತೆರೆದಿತ್ತು, ಬೆಂಕಿ ಅಂಗಳದಲ್ಲಿತ್ತು.

ಕೆಂಡ ನಿಗಿನಿಗಿ ಎನ್ನುತ್ತಿತ್ತು, ಹೊಗೆ ಇರಲಿಲ್ಲ. ಹೊಗೆ ಇದ್ದಿದ್ದರೆ ಕೆಮ್ಮಿಯಾದರೂ ಏಳುತ್ತಿದ್ದೆವು. ಊಟದ ನಡುನಡುವೆ ಹಂಚುವ ದ್ರಾಕ್ಷಾರಸದ ಎರಡನೆಯ ಬಟ್ಟಲು ಬರುವಾಗ ನಿಶಾ ತಲೆನೋವು ಎಂದಳು. ಸೆಖೆಗೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಹಣೆಯೂ ಸಿಡಿಯತೊಡಗಿತು. ಎದುರು ಸಾಲಿನಲ್ಲಿ ಒಬ್ಬಾಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು, ಅವಳ ಪಕ್ಕದ ಮುದುಕ ತೂಕಡಿಸಿದ. ಸುಶೀಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಮೂಲೆಗೆ ಹೋಗಿ ವಾಂತಿ ಮಾಡಿಕೊಂಡಳು. ನಿಶಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕರೆದೆ, ಏಳಲಿಲ್ಲ. ಕೆನ್ನೆ ತಟ್ಟಿದೆ, ಏಳಲಿಲ್ಲ.

"ಬಾಗಿಲು ತೆಗೆಯಿರಿ" ಎಂದೆ. "ಮಗು ಏಳುತ್ತಿಲ್ಲ."

"ಪ್ರಾರ್ಥನಾ ನಡದೈತಿ ಅಕ್ಕೋರ, ಕುಂದರ್ರಿ" ಎಂದರು ಸಮುವೇಲಪ್ಪನವರು. "ಯೇಸುಸ್ವಾಮಿ ಶಿಷ್ಯರಿಗೂ ಪಸ್ಕದ ರಾತ್ರಿ ಹಿಂಗ ನಿದ್ದಿ ಬಂದಿತ್ತು. ಇದು ನಮ್ಮ ಪರೀಕ್ಷಾ. ಎಚ್ಚರ ಇರ್ರಿ ಎಲ್ಲಾರೂ."

"ನಿದ್ದೆಯಲ್ಲ ಇದು! ಗಾಳಿ ಬೇಕು ಮಗುವಿಗೆ!"

"ಐಗುಪ್ತದಾಗ ಬಾಗಲಾ ತಗದಿದ್ರ ಏನಾಗತಿತ್ತು, ಹೇಳ್ರಿ ನೋಡೂಣು? ಇನ್ನೊಂದ ಬಟ್ಟಲ ಐತಿ. ಆಮ್ಯಾಲ ನಾನ ತಗೀತೇನಿ."

ಆ ಉತ್ತರವನ್ನು ನಾನು ಇವತ್ತಿಗೂ ಕೇಳಿಸಿಕೊಳ್ಳುತ್ತೇನೆ: ತರಗತಿಯಲ್ಲಿ ಹಾಜರಿ ಕರೆಯುವಾಗ, ಸಂತೆಯಲ್ಲಿ ತರಕಾರಿ ಆರಿಸುವಾಗ. ಅವರ ಧ್ವನಿಯಲ್ಲಿ ಕೆಡುಕು ಇರಲಿಲ್ಲ. ಪಾಠ ಹೇಳುವವರ ತಾಳ್ಮೆ ಇತ್ತು. ಅದನ್ನು ನೆನೆದರೇ ನನ್ನ ರಕ್ತ ಕುದಿಯುತ್ತದೆ. ಉಸಿರಾಡಲಾರದ ಮಗುವಿನ ತಾಯಿಗೆ ಒಬ್ಬ ಮನುಷ್ಯ ಪಾಠ ಹೇಳುತ್ತಿದ್ದ! ಮತ್ತು ಆ ಸಾಲಿನಲ್ಲಿ ಕುಳಿತವರು, ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಕಂಪೌಂಡರಾಗಿದ್ದವರು, ಒಬ್ಬರೂ ಹೌದು ಎನ್ನಲಿಲ್ಲ. ಅಣ್ಣಾರು ಕುಳಿತಿರುವಾಗ ಎದ್ದು ನಿಲ್ಲುವುದು ಅವರಿಗೆ ಸಾವಿಗಿಂತ ಕಷ್ಟವಾಗಿತ್ತು.

ನಾನು ಎದ್ದೆ. ಕಾಲು ನನ್ನದಲ್ಲ ಎನಿಸಿತು. ಶೆಗಡಿಯ ಪಕ್ಕದಿಂದ ಮಂಡಿಯೂರಿ, ಗೋಡೆ ಹಿಡಿದು, ಸಮುವೇಲಪ್ಪನವರ ಎದುರು ಹೋಗಿ ಅವರ ಅಂಗಿಯ ಕಿಸೆಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು. "ಮುಟ್ಟಬ್ಯಾಡ್ರಿ" ಎಂದರು. ಹಿಡಿತದಲ್ಲಿ ಶಕ್ತಿ ಇರಲಿಲ್ಲ. ಅವರ ಕಣ್ಣುಗಳೂ ಮುಚ್ಚಿ ಬರುತ್ತಿದ್ದವು. ಕಿಸೆ ಪರ್ರನೆ ಹರಿದು ಚಾವಿ ನನ್ನ ಕೈಗೆ ಬಂತು.

ಕೀಲಿ ತೆಗೆದದ್ದು ನೆನಪಿದೆ. ಶಟರು ಮೊಣಕಾಲೆತ್ತರಕ್ಕೆ ಏರಿದ್ದು, ತಣ್ಣನೆಯ ಮಳೆನೀರು ಮುಖಕ್ಕೆ ಹೊಡೆದದ್ದು, ನಿಶಾಳನ್ನು ಕಂಕುಳ ಹಿಡಿದು ಕೆಸರಿಗೆ ಎಳೆದದ್ದು ನೆನಪಿದೆ. ನಾನು ಕೂಗಿದ್ದು ತುಳುವಿನಲ್ಲಂತೆ. ಯಾರಿಗೂ ಅರ್ಥವಾಗಲಿಲ್ಲ, ಆದರೂ ಎದುರಿನ ಚಹಾ ಅಂಗಡಿಯಿಂದ ಜನ ಓಡಿಬಂದು ಶಟರನ್ನು ಮೇಲಕ್ಕೆ ತಳ್ಳಿ ಒಬ್ಬೊಬ್ಬರನ್ನೇ ಹೊರಗೆ ಹೊತ್ತು ತಂದರು.

ಆಸ್ಪತ್ರೆಯಲ್ಲಿ ವೈದ್ಯೆ ನಮ್ಮನ್ನು ಚೆನ್ನಾಗಿ ಬೈದಳು. "ಮುಚ್ಚಿದ ಖೋಲ್ಯಾಗ ಇದ್ದಲಿ ಹಚ್ಕೊಂಡು ಕುಂತಿದ್ರಿ? ಅದರ ವಿಷಗಾಳಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ನಿದ್ದಿ ಬಂದಂಗ ಆಗಿ ಮುಗದ ಹೋಗತೈತಿ. ಇನ್ನೊಂದ ಸ್ವಲ್ಪ ತಡಾ ಆಗಿದ್ರ ಈ ಕೂಸು..." ಮುಖಕ್ಕೆ ಆಮ್ಲಜನಕದ ಕೊಳವೆ ಕಟ್ಟಿಸಿಕೊಂಡ ನಿಶಾ ಬೆಳಗಿನ ಜಾವ ಕಣ್ಣು ತೆರೆದಳು. ಸುಶೀಲಕ್ಕನಿಗೆ ಇನ್ನೂ ಕೆಲವು ದಿನ ಬೇಕಾದವು. ಯಾರೂ ಸಾಯಲಿಲ್ಲ.

ಯಾರೂ ಸಾಯಲಿಲ್ಲವಾದ್ದರಿಂದ ಅದು ಪವಾಡವಾಯಿತು. ಸಂಹಾರದ ದೂತ ನಮ್ಮ ಬಾಗಿಲ ಬಣ್ಣ ನೋಡಿ ದಾಟಿಹೋದ ಎಂದು ಕೂಟದ ತುಂಬ ಸುದ್ದಿ. ನಾನು ಕೇಳುತ್ತೇನೆ, ಯಾವ ದೂತ? ಹೊರಗಿನಿಂದ ಯಾರೂ ಬರಲಿಲ್ಲ. ಸಾವನ್ನು ನಾವೇ ಶೆಗಡಿಯಲ್ಲಿ ತುಂಬಿ ಒಳಗೆ ತಂದಿಟ್ಟುಕೊಂಡು, ಅದು ಓಡಿಹೋಗದ ಹಾಗೆ ಕೀಲಿ ಹಾಕಿದ್ದೆವು.

ಒಂದು ವಾರದ ಮೇಲೆ ಕೂಟದ ಇಬ್ಬರು ಗಂಡಸರು ಮನೆಗೆ ಬಂದರು. ಮಗಳು ಹೇಗಿದ್ದಾಳೆ ಎಂದು ಕೇಳಲಿಕ್ಕೆ ಬಂದಿರಬೇಕೆಂದು ಕುರ್ಚಿ ಹಾಕಿದೆ. ಒಬ್ಬರು ಗಂಟಲು ಸರಿಮಾಡಿಕೊಂಡರು.

"ಆದದ್ದು ಆತ್ರಿ ಅಕ್ಕೋರ. ಆದ್ರ ಹೆಣ್ಣಮಗಳು ಹಿರ್ಯಾರ ಕಿಸೇಕ ಕೈ ಹಾಕೂದು, ಅಂಗಿ ಹರಿಯೂದು, ಅದೂ ಪಸ್ಕದ ಊಟದಾಗ... ಮಂದಿ ಮಾತಾಡಾಕತ್ತಾರು. ಶನಿವಾರ ಬಂದು ಎಲ್ಲಾರ ಮುಂದ ಒಂದ ಕ್ಷಮಾ ಕೇಳಿಬಿಡ್ರಿ. ಮುಗದ ಹೋಗತೈತಿ."

ಹತ್ತು ಹೆಂಗಸರು, ಏಳೆಂಟು ಮಕ್ಕಳು ಆಸ್ಪತ್ರೆ ಸೇರಿದ್ದರು. ಇವರ ಕಣ್ಣಿಗೆ ಬಿದ್ದದ್ದು ಒಂದು ಹರಿದ ಕಿಸೆ! ನನ್ನ ಬದಲು ಮಾತನಾಡಿದವರು ಗಂಗಮ್ಮನವರು. ಮೆಟ್ಟಿಲ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಯಪ್ಪಾ, ನಿಮ್ಮ ಹಿರ್ಯಾರ ಕಿಸೇದಾಗ ಚಾವಿ ಇತ್ತೋ, ಚಿನ್ನದ ಗಟ್ಟಿ ಇತ್ತೋ? ಚಾವಿ ಇದ್ದದ್ದು ಬಾಗಲಾ ತಗಿಯಾಕ ಹೌದಿಲ್ಲೊ? ಆಕಿ ತಗದ್ಲು. ಅದರಾಗ ಕ್ಷಮಾ ಯಾತರದು? ಕೂಸಿಗಿಂತ ಅಂಗೀನ ದೊಡ್ಡದಾಗಿದ್ರ ಕಳಸ್ರಿ, ನಾ ಹೊಲದು ಕೊಡ್ತೇನಿ."

ಅವರು ಚಹಾ ಕುಡಿಯದೆ ಎದ್ದರು. ಕ್ರಿಸ್ತನ ಹಬ್ಬದ ಬಗ್ಗೆ ನನ್ನ ಪರವಾಗಿ ವಾದಿಸಿದ್ದು ಮನೆಯೊಳಗೆ ಮಾಂಸ ಬೇಡ ಎಂದ ಹೆಂಗಸು. ಊರಿನಿಂದ ಬಂದ ಫೋನುಗಳು ಇನ್ನೊಂದು ಬಗೆ. "ನಿನಗೆ ಅಲ್ಲಿ ಸರಿಯಾದ ಚರ್ಚು ಸಿಗಲಿಲ್ಲವಾ ಮಾರಾಯ್ತಿ? ಯೆಹೂದ್ಯರ ಹಬ್ಬ ನಮಗೆ ಎಂತಕ್ಕೆ?" ಎಂದ ನನ್ನ ಅಣ್ಣ. ಕ್ಷಮಿಸು ಅಣ್ಣ, ಇದನ್ನು ನೀನೂ ಓದುತ್ತಿದ್ದೀ. ನೀನು ಮೊದಲು ಕೇಳಿದ್ದು ಮಗುವಿನ ಬಗ್ಗೆ ಅಲ್ಲ, ಚರ್ಚಿನ ಬಗ್ಗೆ. ಆ ಇಬ್ಬರು ಗಂಡಸರಿಗೂ ನಿನಗೂ ಆ ದಿನ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಶನಿವಾರ ನಾನು ಹೋದೆ, ಕ್ಷಮೆ ಕೇಳಲಿಕ್ಕಲ್ಲ. ಎದ್ದು ನಿಂತು ವೈದ್ಯೆ ಹೇಳಿದ್ದನ್ನು ಹಾಗೆಯೇ ಹೇಳಿದೆ. ಇನ್ನು ಮುಂದೆ ಯಾವ ಹಬ್ಬಕ್ಕೂ ಈ ಶಟರಿಗೆ ಕೀಲಿ ಬೀಳಬಾರದು, ಅಷ್ಟೇ ನನ್ನ ಮಾತು ಎಂದೆ.

"ನೀವು ಹೊರಗಿಂದ ಬಂದವರು" ಎಂದರು ಸಮುವೇಲಪ್ಪನವರು ಮೆತ್ತಗೆ. "ನಮ್ಮ ಶಿಸ್ತು ನಿಮಗ ತಿಳಿಯಂಗಿಲ್ಲ. ನಮ್ಮನ್ನ ಉಳಿಸಿದಾಂವ ದೇವರು. ಆ ಮಹಿಮಾ ನೀವು ತಗೋಬ್ಯಾಡ್ರಿ."

ಆಗ ಹೆಂಗಸರ ಸಾಲಿನಿಂದ ಸುಶೀಲಕ್ಕ ಎದ್ದಳು. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು, ನಿಲ್ಲಲಿಕ್ಕೆ ಕಂಬ ಹಿಡಿದಿದ್ದಳು.

"ಅಣ್ಣಾರ, ನಾ ಹೊರಗಿನಾಕಿ ಅಲ್ಲಲ್ರಿ? ನಾ ಮಾತಾಡ್ಲಿ? ಶೆಗಡಿ ಒಳಗ ತಂದಾಕಿ ನಾನು. ರಟ್ಟು ತುರುಕ್ರಿ ಅಂದಾಕೀನೂ ನಾನ. ನನ್ನ ಬುದ್ಧಿಗೇಡಿತನದಿಂದ ಇಷ್ಟ ಮಂದಿ ಸಾಯ್ತಿದ್ರು, ಅದನ್ನ ನಾ ಒಪ್ಕೊಂಡೇನಿ. ಚಾವಿದು ನೀವು ಒಪ್ಕೋರಿ."

ಸಮುವೇಲಪ್ಪನವರು ಕೂರುವಂತೆ ಕೈಸನ್ನೆ ಮಾಡಿದರು.

"ಸುಶೀಲವ್ವ, ಕುಂದರು. ಇನ್ನೂ ಆರಾಮ ಆಗಿಲ್ಲ ನಿನಗ."

"ಕುಂದ್ರಂಗಿಲ್ರಿ. ಆ ದಿನ ಕುಂತ ಕುಂತ ಸಾಯ್ತಿದ್ವಿ."

ಅವರು ಒಪ್ಪಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಮುಕ್ತಾಯದ ಪ್ರಾರ್ಥನೆ ಶುರುಮಾಡಿದರು, ಅದೇ ಒಳ್ಳೆಯ ಕಂಠದಲ್ಲಿ. ಸುಶೀಲಕ್ಕ ಪ್ರಾರ್ಥನೆಯ ನಡುವೆಯೇ ಹೊರಗೆ ನಡೆದಳು. ನಾನು ಅವಳ ಹಿಂದೆ. ತಿರುಗಿ ನೋಡಿದಾಗ ಇನ್ನೂ ಮೂರು ಮನೆಯವರು ಮಕ್ಕಳ ಕೈ ಹಿಡಿದುಕೊಂಡು ಬರುತ್ತಿದ್ದರು.

ಆಮೇಲಿನ ತಿಂಗಳುಗಳಲ್ಲಿ ನಾನು ನಿದ್ದೆ ಎಂಬುದನ್ನು ಮರೆತೆ. ಮಲಗಿದ ಮಗುವಿಗೂ ಮೂರ್ಛೆ ಹೋದ ಮಗುವಿಗೂ ನೋಡಲಿಕ್ಕೆ ಏನೂ ವ್ಯತ್ಯಾಸವಿಲ್ಲ. ನಿಶಾಳ ಮೂಗಿನ ಹತ್ತಿರ ಬೆರಳು ಹಿಡಿಯುವುದು, ಮತ್ತೆ ಮಲಗುವುದು, ಮತ್ತೆ ಏಳುವುದು. ಅವಳೂ ಬೆಚ್ಚಿ ಎದ್ದು "ಅಮ್ಮಾ, ಕಿಟಕಿ" ಎನ್ನುತ್ತಿದ್ದಳು. ರಜೆಯಲ್ಲಿ ಊರಿಗೆ ಹೋದೆವು. ನಮ್ಮದೇ ಮನೆ, ಕಡಲಗಾಳಿ, ಮೀನು ಸಾರು. ಅಲ್ಲಿಯೂ ನಿದ್ದೆ ಬರಲಿಲ್ಲ. ಸೊಳ್ಳೆ ಎಂದು ಅತ್ತಿಗೆ ಕಿಟಕಿ ಮುಚ್ಚಿದರೆ ನಾನು ಹೋಗಿ ತೆರೆಯುವುದು. ಮನೆಯವರೆಲ್ಲ ಸೊಳ್ಳೆ ಕಚ್ಚಿಸಿಕೊಂಡು ನನ್ನನ್ನು ಸಹಿಸಿದರು. ಇಲ್ಲಿ ಗಂಗಮ್ಮನವರು ಮಲಗುವ ಮುಂಚೆ ಕೆಳಗಿನಿಂದ "ಖಿಡಕಿ ತಗದೀರಿಲ್ಲೊ?" ಎಂದು ಕೂಗುವುದನ್ನು ರೂಢಿ ಮಾಡಿಕೊಂಡರು.

ಮಳೆಗಾಲ ಕಳೆದು ಪರ್ಣಶಾಲೆಗಳ ಹಬ್ಬ ಬಂತು. ಗುಲಾಮಗಿರಿಯಿಂದ ಹೊರಟವರು ಇನ್ನೂ ಊರು ಸೇರದೆ ಮರುಭೂಮಿಯಲ್ಲಿ ಗುಡಿಸಲು ಕಟ್ಟಿ ಬದುಕಿದ ನೆನಪಿಗೆ ಎಲೆಯ ಚಪ್ಪರದಲ್ಲಿ ವಾಸಿಸುವ ಹಬ್ಬ. ನಾನು ಬರುವುದಿಲ್ಲ ಎಂದೆ. ಇನ್ನು ಯಾವ ಹಬ್ಬವೂ ಬೇಡ ಎಂದೆ.

"ಬರ್ರಿ, ನಮ್ಮ ಅಣ್ಣನ ಹೊಲದಾಗ ಮಾಡಾಕತ್ತೇವಿ, ನಾವು ನಾಕ ಮನಿಯವರ" ಎಂದಳು ಸುಶೀಲಕ್ಕ. "ಕೀಲಿ ಹಾಕೂಣಂದ್ರ ಬಾಗಲಾನ ಇಲ್ರಿ ಅಲ್ಲೆ!"

ಹೆಬ್ಬಳ್ಳಿಯ ಆ ಹೊಲದಲ್ಲಿ ಶೇಂಗಾ ಕಿತ್ತು ಮುಗಿದಿತ್ತು. ನಾಲ್ಕು ಕಂಬ, ಮೇಲೆ ಒಣಗಿದ ಜೋಳದ ದಂಟು, ಮೂರು ಕಡೆ ಹಳೆಯ ಸೀರೆ, ಒಂದು ಕಡೆ ಏನೂ ಇಲ್ಲ. ಸೂರನ್ನು ಒತ್ತಾಗಿ ಹೊದಿಸಬಾರದು, ನಕ್ಷತ್ರ ಕಾಣಬೇಕು ಎಂದು ನಿಯಮವಂತೆ. ಅಡುಗೆಯ ಬೆಂಕಿಯನ್ನು ದೂರದ ಬದುವಿನ ಹತ್ತಿರ ಹೂಡಿದ್ದರು. ನಾನು ಎರಡು ಸಲ ಹೋಗಿ ನೋಡಿ ಬಂದೆ, ನೀರು ಹೊಯ್ದು ಆರಿಸುವ ತನಕ ಅಲ್ಲೇ ನಿಂತೆ. ಯಾರೂ ನಗಲಿಲ್ಲ.

ಹಾಡು ಹೇಳಿ, ರೊಟ್ಟಿ ತಿಂದು, ಹೆಂಗಸರು ಮಕ್ಕಳು ಒಂದು ಚಪ್ಪರದಲ್ಲಿ ಸಾಲಾಗಿ ಮಲಗಿದೆವು. ಸಮುವೇಲಪ್ಪನವರು ಗೋದಾಮಿನಲ್ಲಿ ತಮ್ಮ ಹಬ್ಬ ಮಾಡುತ್ತಿದ್ದರು. ಶಟರಿಗೆ ಕೀಲಿ ಹಾಕಿದ್ದರೋ ಇಲ್ಲವೋ ಗೊತ್ತಿಲ್ಲ. ಅಲ್ಲಿಯೂ ಮಕ್ಕಳಿದ್ದಾರೆ. ನಾನು ಇದನ್ನು ಬರೆಯುತ್ತಿರುವುದು ಅದಕ್ಕೇ.

ಕಣ್ಣು ಬಿಟ್ಟಾಗ ಬಿಸಿಲು ಬಿದ್ದಿತ್ತು. ಮೊದಲು ಅರ್ಥವಾಗಲಿಲ್ಲ. ಬೆರಳು ಅಭ್ಯಾಸದಂತೆ ನಿಶಾಳ ಮೂಗಿನ ಕಡೆ ಹೋಯಿತು. ಅವಳು ಅಲ್ಲಿರಲಿಲ್ಲ. ಎದ್ದು ಕುಳಿತೆ. ದೂರದಲ್ಲಿ ಅವಳು ಸುಶೀಲಕ್ಕನ ಜೊತೆ ಮಣ್ಣಿನಲ್ಲಿ ಉಳಿದ ಶೇಂಗಾ ಹೆಕ್ಕುತ್ತಿದ್ದಳು.

"ಅಮ್ಮಾ, ನೀನು ಗೊರಕೆ ಹೊಡೆಯುತ್ತಿದ್ದೆ!" ಎಂದು ತುಳುವಿನಲ್ಲಿ ಕೂಗಿ ಹೇಳಿದಳು. ಆಮೇಲೆ ಸುಶೀಲಕ್ಕನ ಕಡೆ ತಿರುಗಿ, "ನಾನೂ ನಡುವ ಒಮ್ಮೀನೂ ಎದ್ದಿಲ್ರಿ" ಎಂದಳು.

ಯಾವ ಭಾಷೆಯಲ್ಲಿ ಉತ್ತರ ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಹಾಗೆಯೇ ದಂಟಿನ ಸೂರಿನ ಕೆಳಗೆ, ಊರೂ ಅಲ್ಲದ ಮನೆಯೂ ಅಲ್ಲದ ಆ ಜಾಗದಲ್ಲಿ ಇನ್ನಷ್ಟು ಹೊತ್ತು ಮಲಗಿದೆ.